ಬ್ಯಾಟಿನ ಹಿಂದೆ ಕುಳಿತವನು

ರೇಡಿಯೋದಲ್ಲಿ ಕ್ರಿಕೆಟ್ ಪಂದ್ಯದ ವಿವರಣೆಯನ್ನು ಕೇಳುವ ಅಭ್ಯಾಸವುಳ್ಳ ತಮಗೆ ವಿಕೆಟ್‌ಕೀಪರನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಅಮೆರಿಕಾದವರ ಅಚ್ಚುಮೆಚ್ಚಿನ ಬೇಸ್‌ಬಾಲ್ ಆಟದಲ್ಲಿ ಅವನಿಗೊಬ್ಬ ದಾಯಾದಿಯುಂಟು. ಹೆಸರು ಕ್ಯಾಚರ್. ಬ್ಯಾಟು ಹಿಡಿದವನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಪಿಚರ್ ಎಸೆದ ಚೆಂಡನ್ನು ಹಿಡಿಯುವುದು ಇವನ ಕೆಲಸ. ಇಷ್ಟೇ ಆಗಿದ್ದರೆ ಇವನ ವಿಚಾರವಾಗಿ ತಮ್ಮ ಕಾಲವನ್ನು ನಾನು ತೆಗೆದುಕೊಳ್ಳುತ್ತಿರಲಿಲ್ಲ. ಎಸೆಯಬೇಕಾದ ಚೆಂಡು ಯಾವುದು, ನೇರವಾದುದೊ ಬಾಗುವುದೊ, ಮೇಲಕ್ಕೊ ಕೆಳಕ್ಕೊ ಎಂಬುದನ್ನು ಬೆರಳಸನ್ನೆಯಿಂದ ಪಿಚರನಿಗೆ ಸೂಚಿಸುತ್ತ ಬಂದವನೂ ಇವನೇ. ಯಕ್ಷಗಾನದಲ್ಲಿ ಜನ ನೋಡುವುದು ಮುಮ್ಮೇಳದ ವೇಷವನ್ನು. ಆಟವನ್ನು ನಡೆಸುವವನೊ, ಹಿಂದೆ ತಾಳ ಹಿಡಿದು ಕುಳಿತ ಭಾಗವತ. ಬೇಸ್‌ಬಾಲಿನ ದಾಖಲೆ ಪುಸ್ತಕಗಳು ಬಹುಕಾಲದವರೆಗೆ ಈ ಹಿಮ್ಮೇಳದವನ ತಪ್ಪುಗಳನ್ನು ಅವನ ಹೆಸರಿನಲ್ಲಿ ಬರೆದವು. ಅವನಿಂದಾದ ಉಪಕಾರವನ್ನು ಮಾತ್ರ ಪಿಚರನ ಲೆಕ್ಕಕ್ಕೆ ಜಮಾ ಮಾಡಿದವು.

ಆಟದ ಕಟ್ಟಳೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬ್ಯಾಟುಗಾರನ ಮುಂದೆ 17 ಅಂಗುಲ ಅಗಲದ ಒಂದು ಫಲಕ ನೆಲದಲ್ಲಿರುತ್ತದೆ. ಅದರ ಮೇಲೆ, ಸುಮಾರು ಅವನ ಮೊಣಕಾಲಿನಿಂದ ಎದೆಯ ಮಟ್ಟದವರೆಗೆ, ಕಣ್ಣಿಗೆ ಕಾಣದ ಒಂದು ಚೌಕಟ್ಟಿದೆಯೆಂದು ಭಾವಿಸಿಕೊಳ್ಳಿ. ಅದರೊಳಗೆ ಹಾದುಬಂದ ಚೆಂಡನ್ನು ಬ್ಯಾಟುಗಾರ ಹೊಡೆಯದೆ ಬಿಟ್ಟರೆ ‘ಸ್ಟ್ರೈಕ್’; ಹೊರಗೆ ಹಾದರೆ ‘ಬಾಲ್’. ಬೀಸಿ ತಪ್ಪಿದರೆ ಎಲ್ಲಿ ಹಾದರೂ ಸ್ಟ್ರೈಕೇ. ಮೂರು ಸ್ಟ್ರೈಕಿಗೆ ಔಟು. ನಾಲ್ಕು ಬಾಲಿಗೆ ಅವನು ಪುಕ್ಕಟೆಯಾಗಿ ಮೊದಲ ನೆಲೆಗೆ ನಡೆದುಹೋಗುತ್ತಾನೆ. ಒಳಗೊ ಹೊರಗೊ ಎಂದು ತೀರ್ಮಾನಿಸುವ ಅಂಪೈರ್ ಕ್ಯಾಚರನ ಬೆನ್ನ ಹಿಂದೆಯೇ ನಿಂತಿರುತ್ತಾನೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಕ್ಯಾಚರನು ಬರಿಗೈಯಲ್ಲಿ, ಬಹಳ ಹಿಂದೆ ನಿಂತು, ಚೆಂಡು ಒಂದು ಪುಟ ನೆಗೆದ ಮೇಲೆ ಹಿಡಿಯುತ್ತಿದ್ದನು. ಹಿಡಿಯುವವನು ಅಷ್ಟು ದೂರವಿರುವಾಗ ಎಸೆಯುವವನು ತನ್ನ ಕೈಯ ಪೂರ್ಣಬಲವನ್ನು ತೋರಿಸುವುದೆಂತು? 1877ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡದ ಫ್ರೆಡ್ ಥೇಯರ್, ಕತ್ತಿವರಸೆಯವರ ಮುಖಕವಚವನ್ನು ನೋಡಿ ತಂತಿಯ ಮುಖವಾಡವೊಂದನ್ನು ಮಾಡಿಸಿದನು. ಜಿಮ್ ಟಿಂಗ್ ಎಂಬ ಕ್ಯಾಚರನು ಅದನ್ನು ಧರಿಸಿ ಆಡಿದನು. ಮುಖಕ್ಕೆ ರಕ್ಷೆ ಬಂದಮೇಲೆ ಕ್ಯಾಚರನು ಬ್ಯಾಟಿನ ಹತ್ತಿರಕ್ಕೆ ಸರಿದನು. 1884ರಲ್ಲಿ ನ್ಯಾಷನಲ್ ಲೀಗ್ ಎಂಬ ಸಂಘವು ಭುಜದ ಮೇಲಿಂದ ಎಸೆಯಲು ಅನುಮತಿ ಕೊಟ್ಟಿತು. 1893ರಲ್ಲಿ ಎಸೆಯುವ ದೂರ 60 ಅಡಿ 6 ಅಂಗುಲವೆಂದು ನಿಗದಿಯಾಯಿತು. ಇಂದಿಗೂ ಅದೇ ಅಳತೆ. 1907ರಲ್ಲಿ ನ್ಯೂಯಾರ್ಕ್ ಜಯಂಟ್ಸ್ ತಂಡದ ರೋಜರ್ ಬ್ರೆಸ್ನಹನ್ ಕ್ರಿಕೆಟ್ ಆಟಗಾರರದನ್ನು ಹೋಲುವ ಕಾಲ್ರಕ್ಷೆಗಳನ್ನು ಕಟ್ಟಿಕೊಂಡು ಬಂದಾಗ ಜನ ನಕ್ಕರು. ನಕ್ಕವರು ಒಂದನ್ನು ಮರೆತಿದ್ದರು. ನೆಲಕ್ಕೆ ಬಡಿಯುವಂತೆ ಬಾಗಿ ಬೀಳುವ ಚೆಂಡು ಪಿಚರನ ಒಳ್ಳೆಯ ಅಸ್ತ್ರಗಳಲ್ಲೊಂದು. ಅದಕ್ಕೆ ದೇಹವನ್ನೇ ಅಡ್ಡವಾಗಿ ಒಡ್ಡುವವನು ಹಿಂದೆ ಇದ್ದಾನೆಂಬ ನಂಬಿಕೆಯಿದ್ದರೆ ಮಾತ್ರ ಆ ಅಸ್ತ್ರ ಬತ್ತಳಿಕೆಯಿಂದ ಹೊರಬರುತ್ತದೆ.

ಅಂಥ ಚೆಂಡು ತಪ್ಪಿದರೆ ಏನಾಗುವುದೆಂಬುದಕ್ಕೆ 1941ರ ಅಕ್ಟೋಬರ್ 5ರ ಸಂಗತಿಯನ್ನು ಅಮೆರಿಕನ್ನರು ಇಂದಿಗೂ ಮರೆತಿಲ್ಲ. ವರ್ಲ್ಡ್ ಸೀರೀಸ್ ಎಂಬ ಅಂತಿಮ ಪಂದ್ಯಮಾಲೆಯ ನಾಲ್ಕನೆಯ ಪಂದ್ಯ. ಸ್ಥಳ ಬ್ರೂಕ್ಲಿನ್ನಿನ ಎಬೆಟ್ಸ್ ಫೀಲ್ಡ್. ಕೊನೆಯ ಸರದಿಯಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ 4–3ರಿಂದ ಮುಂದಿತ್ತು. ಎದುರಾಳಿ ಯಾಂಕೀಸ್ ತಂಡದ ಇಬ್ಬರು ಔಟಾಗಿದ್ದರು. ಹ್ಯೂ ಕೇಸಿ ಎಸೆದ ಚೆಂಡಿಗೆ ಟಾಮಿ ಹೆನ್ರಿಕ್ ಬೀಸಿ ತಪ್ಪಿದನು. ಮೂರನೆಯ ಸ್ಟ್ರೈಕ್! ಪಂದ್ಯ ಮುಗಿಯಿತೆಂದೇ ಎಲ್ಲರ ಎಣಿಕೆ. ಆದರೆ ಇಂಥ ಸಮಯದಲ್ಲಿ ಮೂರನೆಯ ಸ್ಟ್ರೈಕನ್ನು ಕ್ಯಾಚರನು ಹಿಡಿಯದೆ ಹೋದರೆ ಬ್ಯಾಟುಗಾರ ಓಡಬಹುದೆಂಬುದು ನಿಯಮ. ಚೆಂಡು ಮಿಕಿ ಓವೆನ್ನನ ಕೈಗವಸನ್ನು ತಪ್ಪಿಸಿಕೊಂಡು ಹಿಂದಕ್ಕುರುಳಿತು. ಹೆನ್ರಿಕ್ ಮೊದಲ ನೆಲೆಯನ್ನು ಮುಟ್ಟಿದನು. ಮುಂದೆ ಯಾಂಕೀಸ್ ನಾಲ್ಕು ಓಟ ಗಳಿಸಿ 7–4ರಿಂದ ಗೆದ್ದಿತು; ಮರುದಿನ ಪಂದ್ಯಮಾಲೆಯೂ ಅವರದಾಯಿತು. ಆ ಚೆಂಡು ಎಂಥದು, ಸನ್ನೆಗೆ ತಕ್ಕುದೆ ಅಲ್ಲವೆ ಎಂಬ ಚರ್ಚೆ ಬಹುಕಾಲ ನಡೆಯಿತು. ಓವೆನ್ ಮಾತ್ರ ತಪ್ಪು ತನ್ನದೆಂದೇ ಒಪ್ಪಿಕೊಂಡನು. ದಾಖಲೆಯಲ್ಲಿ ದೋಷ ಅವನ ಹೆಸರಿಗೆ ಬಿದ್ದಿತು. ಆ ನಾಲ್ಕು ಓಟಗಳಲ್ಲಿ ಒಂದೂ ಪಿಚರನ ಹೊಣೆಗೆ ಸೇರಲಿಲ್ಲ. ಸಮರ್ಥ ಕ್ಯಾಚರನೆಂದು ಹೆಸರು ಮಾಡಿದ್ದ ಓವೆನ್ 2005ರವರೆಗೆ ಬದುಕಿದ್ದನು. ಅವನ ಹೆಸರು ಬಂದಾಗಲೆಲ್ಲ ಜನಕ್ಕೆ ನೆನಪಾದುದು ಆ ಒಂದು ಚೆಂಡು. ಉತ್ತರಪತ್ರಿಕೆಗಳನ್ನು ತಿದ್ದಿ ಪಳಗಿದ ನನಗೆ ಈ ಸ್ವಭಾವ ಹೊಸದಲ್ಲ. ಕೆಂಪು ಮಸಿ ತಪ್ಪಿಗೇ ಹೆಚ್ಚು ಖರ್ಚಾಗುತ್ತದೆ.

ಕ್ಯಾಚರನದೇ ದೋಷವೆನ್ನಲಾಗದ ಪ್ರಸಂಗಗಳೂ ಉಂಟು. ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಹಾಯ್ಟ್ ವಿಲ್ಹೆಲ್ಮ್ ಎಸೆಯುತ್ತಿದ್ದ ಚೆಂಡು ತಿರುಗದೆ, ಗಾಳಿಯಲ್ಲಿ ಚಿಟ್ಟೆಯಂತೆ ಹೊಯ್ದಾಡಿ ಬರುತ್ತಿದ್ದಿತು. ಹೊಡೆಯುವವನಿಗೂ ಗೊತ್ತಾಗದು, ಹಿಡಿಯುವವನಿಗೂ ಗೊತ್ತಾಗದು! 1959ರಲ್ಲಿ ಆ ತಂಡದ ಕ್ಯಾಚರುಗಳು 49 ಬಾರಿ ಚೆಂಡನ್ನು ಬಿಟ್ಟರು. 1960ರಲ್ಲಿ ವ್ಯವಸ್ಥಾಪಕ ಪಾಲ್ ರಿಚರ್ಡ್ಸ್ ಮೊರದಷ್ಟು ದೊಡ್ಡ ಕೈಗವಸೊಂದನ್ನು ಮಾಡಿಸಿ ಕೊಟ್ಟನು. ಕೆಲವು ವರ್ಷಗಳಲ್ಲಿ ನಿಯಮ ಬಂದು, ಕೈಗವಸಿನ ಸುತ್ತಳತೆ 38 ಅಂಗುಲವನ್ನು ಮೀರಬಾರದೆಂದಾಯಿತು.

ಇನ್ನು ಕೈಗವಸಿಗೆ ಸಂಬಂಧಿಸದ ಉಪಕಾರವೊಂದನ್ನು ಹೇಳಬೇಕು. ನನಗೆ ಎಲ್ಲಕ್ಕಿಂತ ಮೆಚ್ಚಿಕೆಯಾದುದು ಇದೇ. ಸ್ಯಾಂಡಿ ಕೂಫ್ಯಾಕ್ಸ್ 1955ರಲ್ಲಿ ಡಾಡ್ಜರ್ಸ್ ತಂಡವನ್ನು ಸೇರಿದನು. ಎಡಗೈಯಲ್ಲಿ ಮಿಂಚಿನ ವೇಗ. ಗುರಿ ಮಾತ್ರ ಅತ್ತಿತ್ತ. ಆರು ವರ್ಷಗಳಲ್ಲಿ ಅವನಿಗೆ 36 ಗೆಲವು, 40 ಸೋಲು. 1961ರ ವಸಂತದಲ್ಲಿ, ಫ್ಲಾರಿಡಾದ ಆರ್ಲಾಂಡೋದಲ್ಲಿ ನಡೆದ ಒಂದು ಅಭ್ಯಾಸ ಪಂದ್ಯದಲ್ಲಿ ಮೊದಲ ಸರದಿಯಲ್ಲೇ ಅವನು ಬ್ಯಾಟುಗಾರರನ್ನು ಪುಕ್ಕಟೆಯಾಗಿ ನಡೆಸತೊಡಗಿದನು. ಆಗ ಹಿಂದೆ ಕುಳಿತಿದ್ದ ನಾರ್ಮ್ ಶೆರಿ ಎದ್ದುಬಂದು, ಅಷ್ಟು ಬಲವನ್ನು ಹಾಕಬೇಡ, ಕೊಂಚ ಸಡಿಲಿಸಿ ಎಸೆ, ಬಾಗುವ ಚೆಂಡನ್ನೂ ಬೆರೆಸು, ಹೊಡೆದರೆ ಹೊಡೆಯಲಿ ಎಂದು ಬುದ್ಧಿ ಹೇಳಿದನು. ಸಡಿಲಿಸಿದಾಗಲೇ ಚೆಂಡು ಗುರಿಯನ್ನು ಹಿಡಿಯಿತು; ಅಚ್ಚರಿಯೆಂದರೆ ವೇಗವೂ ಕಡಮೆಯಾಗಲಿಲ್ಲ. 1960ರಲ್ಲಿ 175 ಇನ್ನಿಂಗ್ಸ್ ಎಸೆದು 100 ಮಂದಿಯನ್ನು ನಡೆಸಿದ್ದವನು, 1961ರಲ್ಲಿ 255 ಇನ್ನಿಂಗ್ಸ್ ಎಸೆದು 96 ಮಂದಿಯನ್ನಷ್ಟೆ ನಡೆಸಿದನು. ಅದೇ ವರ್ಷ 269 ಮಂದಿಯನ್ನು ಸ್ಟ್ರೈಕಿನಿಂದ ಔಟು ಮಾಡಿ, 1903ರಿಂದ ನಿಂತಿದ್ದ ನ್ಯಾಷನಲ್ ಲೀಗಿನ ದಾಖಲೆಯನ್ನು ಮುರಿದನು. ಮುಂದಿನ ಕಥೆ ಲೋಕಪ್ರಸಿದ್ಧ. ಬದಲಿ ಕ್ಯಾಚರನಾಗಿದ್ದ ಶೆರಿಯ ಅಂಕಿಗಳ ಸಾಲಿನಲ್ಲಿ ಆ ದಿನದ ಮಾತಿಗೆ ಒಂದು ಕಲಮೂ ಇಲ್ಲ.

ಕಲಮಿಲ್ಲದುದನ್ನು ಅಳೆಯಲು ಯತ್ನಿಸಿದವರೂ ಇದ್ದಾರೆ. 1999ರಲ್ಲಿ ಕೀತ್ ವೂಲ್ನರ್ ಎಂಬಾತ, ಒಬ್ಬನೇ ಪಿಚರನು ಬೇರೆ ಬೇರೆ ಕ್ಯಾಚರುಗಳಿಗೆ ಎಸೆದಾಗ ಫಲ ಬೇರೆಯಾಗುವುದೆ ಎಂದು ಲೆಕ್ಕಹಾಕಿ, ಸನ್ನೆ ಮಾಡುವ ಜಾಣತನಕ್ಕೆ ಅಂಕಿಗಳಲ್ಲಿ ಪುರಾವೆ ಕಾಣಲಿಲ್ಲವೆಂದನು. ಅಲ್ಲಿಗೆ ಮಾತು ಮುಗಿಯಿತೆಂದು ಅನೇಕರು ತಿಳಿದರು. ನನ್ನ ಮಟ್ಟಿಗೆ, ತಕ್ಕಡಿಯಲ್ಲಿ ತೂಗದುದೆಲ್ಲ ಇಲ್ಲವೆಂದು ಹೇಳಲು ಧೈರ್ಯ ಬರುವುದಿಲ್ಲ. ಆಮೇಲೆ ಬಂದ ಹೊಸ ತಕ್ಕಡಿ ಬೇರೊಂದನ್ನು ತೂಗಿತು. ಮೈದಾನಗಳಲ್ಲಿಟ್ಟ ಕ್ಯಾಮೆರಾಗಳು ಪ್ರತಿಯೊಂದು ಚೆಂಡೂ ಎಲ್ಲಿ ಹಾಯಿತೆಂದು ದಾಖಲಿಸತೊಡಗಿದವು. 2011ರಲ್ಲಿ ಮೈಕ್ ಫಾಸ್ಟ್ ಆ ಅಂಕಿಗಳಿಂದ ತೋರಿಸಿದುದೇನೆಂದರೆ, ಚೌಕಟ್ಟಿನ ಅಂಚಿಗೆ ಬಂದ ಚೆಂಡನ್ನು ಕೆಲವು ಕ್ಯಾಚರುಗಳು ಕೈ ಅಲುಗದಂತೆ, ಮೆಲ್ಲನೆ ಒಳಕ್ಕೆ ತಂದುಕೊಂಡು ಹಿಡಿಯುವುದರಿಂದ ಅಂಪೈರ್ ಅದನ್ನು ಸ್ಟ್ರೈಕೆಂದು ಕರೆಯುತ್ತಾನೆ. ಕೈ ಜೋಲಿದವನಿಗೆ ಅದೇ ಚೆಂಡು ಬಾಲ್. ಒಂದು ಋತುವಿನುದ್ದಕ್ಕೂ ಕೂಡಿಸಿದರೆ ಇದರ ಬೆಲೆ ಹತ್ತಾರು ಓಟ. ಪಟ್ಟಿಯ ಮೇಲ್ಭಾಗದಲ್ಲಿದ್ದವನು ಪೋರ್ಟೊರಿಕೊ ದ್ವೀಪದ ಹೊಸೆ ಮೊಲೀನಾ. ಬ್ಯಾಟಿನಲ್ಲಿ ದುರ್ಬಲ, ಓಟದಲ್ಲಿ ಮಂದ. ಅಣ್ಣ ಬೆಂಜಿ, ತಮ್ಮ ಯಾದಿಯೇರ್ ಇಬ್ಬರೂ ಕ್ಯಾಚರುಗಳೇ. ಇಂಥ ಹೊಸೆಯನ್ನು ಟ್ಯಾಂಪಾ ಬೇ ತಂಡವು 36ನೆಯ ವಯಸ್ಸಿನಲ್ಲಿ ಕರೆದುಕೊಂಡಿತು; ಅಷ್ಟು ವರ್ಷ ಪಿಚರರ ಖಾತೆಗೆ ಹೋಗುತ್ತಿದ್ದುದರಲ್ಲಿ ಒಂದು ಪಾಲು ಈತನ ಹೆಸರಿಗೆ ಬಂದಿತು.

2022ರಲ್ಲಿ ಬೆರಳಸನ್ನೆಗೆ ಬದಲಾಗಿ ಗುಂಡಿ ಒತ್ತಿ ಸೂಚನೆ ಕಳುಹಿಸುವ ಯಂತ್ರ ಬಂದಿತು. 2026ರ ಋತುವಿನಿಂದ ಅಂಪೈರನ ತೀರ್ಪನ್ನು ಪ್ರಶ್ನಿಸಿ ಯಂತ್ರದ ಅಭಿಪ್ರಾಯವನ್ನು ಕೇಳಬಹುದೆಂದು 2025ರ ಸೆಪ್ಟೆಂಬರಿನಲ್ಲಿ ತೀರ್ಮಾನವಾಯಿತು. ಕೇಳುವ ಅಧಿಕಾರವುಳ್ಳವರು ಮೂವರೇ: ಬ್ಯಾಟುಗಾರ, ಪಿಚರ್, ಕ್ಯಾಚರ್. ಕೇಳಬೇಕೆನಿಸಿದವನು ಯಾರ ಸಲಹೆಗೂ ಕಾಯದೆ, ತಕ್ಷಣ ತನ್ನ ತಲೆಯನ್ನು ತಟ್ಟಿ ತೋರಿಸಬೇಕು. ಚೆಂಡನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವನು ಯಾರೆಂಬುದನ್ನು ತಮಗೆ ಬೇರೆಯಾಗಿ ಹೇಳಬೇಕಾಗಿಲ್ಲ.