ರೂಪಾಯಿಗೆ ಒಂದಾಣೆ (ತೋರಣಗಲ್ಲಿನ ಕಥೆಗಳು, ಭಾಗ 7)

ಈ ಚಿಮಣಿಗಳನ್ನ ನೋಡಿರ್ತೀರಿ. 1971ರಲ್ಲಿ ಇಂದಿರಾ ಗಾಂಧಿ ತೋರಣಗಲ್ಲಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದ್ರು. ಕಾರ್ಖಾನೆ ಬಂದದ್ದು ಮಾತ್ರ 90ರ ದಶಕದಲ್ಲಿ!

ಉಕ್ಕಿನ ಕೆಲಸಗಾರರ ಪಿಎಫ್ ಅದಕ್ಕಿಂತ ಹಳೇದು. 1952ರ ಕಾಯ್ದೆ ಮೊದಲು ಅನ್ವಯ ಆಗಿದ್ದು ಆರೇ ಉದ್ಯಮಗಳಿಗೆ: ಸಿಮೆಂಟ್, ಸಿಗರೇಟ್, ಎಂಜಿನಿಯರಿಂಗ್, ಕಬ್ಬಿಣ-ಉಕ್ಕು, ಕಾಗದ, ಬಟ್ಟೆ. ಆಗ ಮೂಲ ವೇತನ, ತುಟ್ಟಿಭತ್ಯೆ ಸೇರಿಸಿ ಅದರಲ್ಲಿ 6.25% ಕಡಿತ. ಅಂದ್ರೆ ರೂಪಾಯಿಗೆ ಸರಿಯಾಗಿ ಒಂದಾಣೆ. ಈಗ 12%.

ಪೇ ಸ್ಲಿಪ್‌ನಲ್ಲಿ ಪಿಎಫ್ ಪಕ್ಕದಲ್ಲೇ ಟಿಡಿಎಸ್ ಇರುತ್ತಲ್ಲ, ಎರಡಕ್ಕೂ ನಂಟಿದೆ. ಹಳೇ ಪದ್ಧತಿಯಲ್ಲಿ ನಮ್ಮ ಪಾಲಿನ ಪಿಎಫ್ 80ಸಿ ಅಡಿ ತೆರಿಗೆ ಲೆಕ್ಕದಿಂದ ಹೊರಗೆ (2014ರಿಂದ ಎಲ್ಲಾ ಸೇರಿ ಮಿತಿ 1.5 ಲಕ್ಷ). ಪಿಎಫ್ ಏರಿಸಿದ್ರೆ ಟಿಡಿಎಸ್ ಇಳೀತಿತ್ತು. 2020ರಲ್ಲಿ ಹೊಸ ಪದ್ಧತಿ ಬಂತು, 2023ರಿಂದ ಅದೇ ಡಿಫಾಲ್ಟ್. ಅದರಲ್ಲಿ ದರ ಕಡಿಮೆ, ಆದರೆ ಈ ವಿನಾಯಿತಿ ಇಲ್ಲ.

ನಮ್ಮ ದೊಡ್ಡಪ್ಪನ ಮಗ ಪಿಎಫ್ ಜಾಸ್ತಿ ಕಟ್ಟೋಕೆ ಶುರು ಮಾಡಿದ. ಬಾಡಿಗೆ, ಸಾಲ ಎಲ್ಲಾ ಸೇರಿ ಅವನಿಗೆ ಹಳೇ ಪದ್ಧತಿನೇ ಲಾಭ. ಆದರೆ ಅದು ಬೇಕು ಅಂತ ಏಪ್ರಿಲ್‌ನಲ್ಲಿ ಆಫೀಸಿಗೆ ಬರೆದುಕೊಡೋದೇ ಮರೆತ ಪುಣ್ಯಾತ್ಮ! ವರ್ಷಪೂರ್ತಿ ಟಿಡಿಎಸ್ ಒಂದ್ರೂಪಾಯಿನೂ ಇಳೀಲಿಲ್ಲ. ಮುಂದಿನ ಜುಲೈನಲ್ಲಿ ರಿಟರ್ನ್ ತುಂಬುವಾಗ ಹಳೇದನ್ನ ಆರಿಸ್ಕೊಂಡು ರಿಫಂಡ್ ತಗೊಂಡ.

ನಿಮ್ಮನೇಲಿ ತಾತನ ಕಾಲದ ಸಂಬಳದ ಚೀಟಿ ಇದ್ರೆ ಹೆಸರು ಮುಚ್ಚಿ ಫೋಟೋ ಕಳಿಸ್ರಪ್ಪ. ಒಂದಾಣೆ ಲೆಕ್ಕ ಸಿಗುತ್ತಾ ನೋಡೋಣ.