ಎಡೆದೊರೆಯ ಯುದ್ಧಗಳು: ನೆವವೂ ಕಾರಣವೂ

ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿಗೆ ಎಡೆದೊರೆಯೆಂಬುದು ಹಳೆಯ ಹೆಸರು. ತಳಕಲ್ಲು, ಕೊಪ್ಪಳ, ಕುಷ್ಟಗಿ, ಮುದುಗಲ್ಲುಗಳೆಲ್ಲವೂ ಈ ಎರಡು ಹೊಳೆಗಳ ನಡುವೆಯೇ ಇರುವವು. ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ತರುವಾಯ ವಿಜಾಪುರದ ಆದಿಲಶಾಹರೂ ಸುಮಾರು ಇನ್ನೂರು ವರ್ಷ ಕಾದಾಡಿದರು.

ಏಕೆಂದು ಕೇಳಿದರೆ ಚರಿತ್ರಕಾರರು ಒಂದೊಂದು ಯುದ್ಧಕ್ಕೂ ಒಂದೊಂದು ಕಥೆಯನ್ನು ಹೇಳುವರು. ೧೩೬೬ರಲ್ಲಿ ಸುಲ್ತಾನನು ತನ್ನ ಗಾಯಕರಿಗೆ ವಿಜಯನಗರದ ಬೊಕ್ಕಸದಿಂದ ಹಣ ಕೊಡಿಸಹೋದನಂತೆ. ೧೪೦೬ರಲ್ಲಿ ಮುದುಗಲ್ಲಿನ ಅಕ್ಕಸಾಲೆಯ ಮಗಳನ್ನು ದೇವರಾಯನು ಬಯಸಿದನಂತೆ. ಈ ಎರಡನ್ನೂ ಬರೆದ ಫೆರಿಸ್ತನು ಇನ್ನೂರು ವರ್ಷಗಳ ಅನಂತರದವನು, ವಿಜಾಪುರದ ಆಶ್ರಿತನು. ೧೫೨೦ರ ರಾಯಚೂರ ಕಾಳಗಕ್ಕಾದರೋ, ಕುದುರೆ ಕೊಳ್ಳಲೆಂದು ರಾಯನು ಕೊಟ್ಟ ಹಣದೊಡನೆ ವರ್ತಕನೊಬ್ಬನು ವಿಜಾಪುರಕ್ಕೆ ಓಡಿದುದೇ ಮೂಲವೆಂದು ನೂನಿಜ್ ಬರೆದಿದ್ದಾನೆ. ಸ್ವತಃ ಕುದುರೆಯ ವ್ಯಾಪಾರಿಯಾದವನಿಗೆ ಕುದುರೆಯಲ್ಲಿಯೇ ಕಾರಣ ಕಂಡುದು ಸೋಜಿಗವಲ್ಲ!

ಆದರೆ ಅಕ್ಕಸಾಲೆಯ ಮಗಳು ಹುಟ್ಟುವ ಮೊದಲೇ ಮುದುಗಲ್ಲಿಗಾಗಿ ರಕ್ತ ಹರಿದಿತ್ತು. ಆಕೆಯು ನೆವವಾದಾಳೇ ಹೊರತು ಕಾರಣವಾಗಲಾರಳು. ಹೇಳಿಕೊಳ್ಳುವ ನೆವ ಬೇರೆ, ಒಬ್ಬರ ಬಲ ಕಂಡು ಇನ್ನೊಬ್ಬರಿಗಾಗುವ ಭಯ ಬೇರೆಯೆಂದು ಗ್ರೀಸಿನ ಥೂಸಿಡಿಡೀಸನು ವಿಂಗಡಿಸಿದ್ದನು. ಗಡಿಗೆ ಹತ್ತಿದ ಅರಸನು ಸಹಜಶತ್ರುವೆಂದು ಕೌಟಿಲ್ಯನೂ ಎಣಿಸಿದ್ದನು. ಎಡೆದೊರೆಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಆನೆಗೊಂದಿಯು ತುಂಗಭದ್ರೆಯ ಉತ್ತರದ ದಡದಲ್ಲಿದೆ. ಶತ್ರುವು ಕೊಪ್ಪಳದಲ್ಲಿ ನೆಲಸಿದರೆ ರಾಜಧಾನಿಯ ಬಾಗಿಲಲ್ಲೇ ನಿಂತಂತೆ. ರಾಯಚೂರು ರಾಯರ ಕೈಸೇರಿದರೆ ಸುಲ್ತಾನರಿಗೂ ಅದೇ ಅಳುಕು. ಒಬ್ಬರ ಕಾವಲು ಇನ್ನೊಬ್ಬರಿಗೆ ಬೆದರಿಕೆಯಾಯಿತು. ಮತಭೇದವನ್ನೇ ಕಾರಣವೆನ್ನುವವರು, ಇಮ್ಮಡಿ ದೇವರಾಯನು ಮುಸಲ್ಮಾನ ಬಿಲ್ಲುಗಾರರನ್ನು ಸೇನೆಗೆ ಸೇರಿಸಿದುದನ್ನೂ, ರಾಮರಾಯನು ವಿಜಾಪುರದೊಡನೆ ಕೂಡಿ ಅಹಮದನಗರದ ಮೇಲೆ ದಂಡೆತ್ತಿದುದನ್ನೂ ಮರೆಯುತ್ತಾರೆ.

ಅರಸರ ಈ ಕಾಳಗಗಳಲ್ಲಿ ತಳಕಲ್ಲಿನಂಥ ಊರುಗಳ ಒಕ್ಕಲಿಗನ ಅಭಿಪ್ರಾಯವನ್ನು ಕೇಳಿದವರಿಲ್ಲ. ರಾಜ್ಯದ ಒಳಗೆ ಏಳುವ ಯುದ್ಧದ ಬಗೆಯೇ ಬೇರೆ. ಅಲ್ಲಿ ಭಯವು ನೆರೆಯರಸನಿಂದಲ್ಲ, ಆಳುವವನಿಂದಲೇ ಬರುತ್ತದೆ. ಕುಂಪಣಿ ಸರಕಾರವು ಇನಾಮು ಭೂಮಿಗಳನ್ನು ವಿಚಾರಣೆಗೆ ಗುರಿಪಡಿಸಿತು, ದತ್ತಕವನ್ನು ನಿರಾಕರಿಸಿತು, ಕೊನೆಗೆ ಆಯುಧಗಳನ್ನೂ ಒಪ್ಪಿಸಬೇಕೆಂದಿತು. ೧೮೫೭ರಲ್ಲಿ ಹಲಗಲಿಯ ಬೇಡರು ಸಿಡಿದೆದ್ದರು. ಮರುವರ್ಷ ಮುಂಡರಗಿಯ ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಶಸ್ತ್ರಸಮೇತರಾಗಿ ಕೊಪ್ಪಳದ ಕೋಟೆಯನ್ನು ಹೊಕ್ಕರು. ಆ ಕೋಟೆ ಕುಂಪಣಿಯದಾಗಿರಲಿಲ್ಲ. ನಿಜಾಮನ ಸೀಮೆಯೊಳಗೆ ಸಾಲಾರಜಂಗನ ಜಹಗೀರಿಗೆ ಸೇರಿತ್ತು. ಆದರೂ ಕುಂಪಣಿಯ ದಂಡು ಅಲ್ಲಿಗೆ ನುಗ್ಗಿತು. ಭೀಮರಾಯನು ಕೋಟೆಯಲ್ಲಿಯೇ ಕಾದಿ ಮಡಿದನು. ಅವನ ಬೆಂಬಲವನ್ನು ನೆಚ್ಚಿದ್ದ ನರಗುಂದದ ಬಾಬಾಸಾಹೇಬನನ್ನು ೧೮೫೮ರ ಜೂನ್ ೧೨ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.