ಸೌದೆಯ ಲೆಕ್ಕ: ಪುರ ಗ್ರಾಮದ ಶಕ್ತಿಪಾಠ



ಒಂದು ದೇಶದ ಶಕ್ತಿಮೂಲಗಳೆಂದೊಡನೆ ಕಲ್ಲಿದ್ದಲು, ಪೆಟ್ರೋಲಿಯಂ, ಶಿವನಸಮುದ್ರ-ಜೋಗಗಳ ಜಲವಿದ್ಯುತ್ತು ನಮ್ಮ ಕಣ್ಮುಂದೆ ನಿಲ್ಲುತ್ತವೆ. ಆದರೆ ಸ್ವಾತಂತ್ರ್ಯಾನಂತರ ಹಲವು ದಶಕಗಳ ಕಾಲ ಭಾರತದ ಬಹುಪಾಲು ಒಲೆಗಳು ಉರಿದದ್ದು ಸೌದೆ, ಬೆರಣಿ ಮತ್ತು ಬೆಳೆಯ ಉಳಿಕೆಗಳಿಂದ. ಇಂದು ಬಯೋಮಾಸ್ ಅಥವಾ ಜೈವಿಕ ರಾಶಿ ಎನ್ನುವುದು ಇದನ್ನೇ. ಅಂಗಡಿಯಲ್ಲಿ ಕೊಳ್ಳದೆ ಹೊಲ-ಕಾಡುಗಳಿಂದ ಆರಿಸಿ ತರುತ್ತಿದ್ದುದರಿಂದ ಯೋಜನಾ ವರದಿಗಳು ಇದಕ್ಕೆ 'ವಾಣಿಜ್ಯೇತರ ಶಕ್ತಿ' ಎಂಬ ಹೆಸರಿಟ್ಟವು. ಬೆಲೆಯಿಲ್ಲದ ವಸ್ತುವಿಗೆ ಲೆಕ್ಕದಲ್ಲೂ ಸಲ್ಲಬೇಕಾದ ಸ್ಥಾನ ದೊರೆಯಲಿಲ್ಲ.

ಈ ಕೊರತೆಯನ್ನು ತುಂಬಿದ ಮಹತ್ವದ ಪ್ರಯತ್ನವೊಂದು ನಮ್ಮ ನಾಡಿನಲ್ಲೇ ನಡೆಯಿತು. 1973ರ ತೈಲ ಬಿಕ್ಕಟ್ಟಿನ ಮರುವರ್ಷ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಜನ್ಮತಾಳಿತು. ಅದರ ನೇತಾರರು ಮೂಲತಃ ವಿದ್ಯುದ್ರಸಾಯನ ವಿಜ್ಞಾನಿಗಳಾದ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರು. ಈ ತಂಡವು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ, ಮನೆಗಳಲ್ಲಿ ಎಷ್ಟು ಇಂಧನ ಉರಿಯುತ್ತದೆ, ಅದನ್ನು ತರುವವರಾರು, ತರಲು ಎಷ್ಟು ಹೊತ್ತು ಬೇಕು ಎಂಬುದನ್ನು ಅಳೆಯಿತು.

ಅಲ್ಲಿನ ಪುರ ಎಂಬ ಪುಟ್ಟ ಗ್ರಾಮದಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಸೌದೆಯದೇ ಆಗಿತ್ತು. ವಿದ್ಯುತ್ತಿನ ಪಾಲು ಅತ್ಯಲ್ಪ. ಸೌದೆಯ ಹೊರೆ ಬಹುಮಟ್ಟಿಗೆ ಹೆಂಗಸರ ಮತ್ತು ಮಕ್ಕಳ ತಲೆಯ ಮೇಲಿತ್ತು. ಅವರು ಆರಿಸುತ್ತಿದ್ದುದೂ ಹೆಚ್ಚಾಗಿ ಪುಳ್ಳೆಗಳನ್ನೇ. ಮರ ಕಡಿದ ದೊಡ್ಡ ದಿಮ್ಮಿಗಳು ಲಾರಿಗಳಲ್ಲಿ ಬೆಂಗಳೂರಿನಂಥ ನಗರಗಳಿಗೆ ಸಾಗುತ್ತಿದ್ದವು. ಕಾಡಿನ ನಾಶಕ್ಕೆ ಹಳ್ಳಿಯ ಬಡವಳನ್ನೇ ಹೊಣೆಯಾಗಿಸುವ ವಾದವನ್ನು ಈ ಅಂಕಿಗಳು ದುರ್ಬಲಗೊಳಿಸಿದವು.

ಅಧ್ಯಯನದ ಜೊತೆಗೆ ಪರಿಹಾರದ ಹುಡುಕಾಟವೂ ಸಾಗಿತು. ಕಡಿಮೆ ಸೌದೆ, ಕಡಿಮೆ ಹೊಗೆಯ 'ಅಸ್ತ್ರ ಒಲೆ' ರೂಪುಗೊಂಡಿತು. ಪುರದಲ್ಲಿ ಸಮುದಾಯ ಗೋಬರ್ ಅನಿಲ ಸ್ಥಾವರ ಎದ್ದಿತು. ಊರಿನ ಸಗಣಿಯಿಂದ ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ದೊರೆಯದೆಂದು ತಿಳಿದಾಗ, 1987ರಿಂದ ಆ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪ ಮತ್ತು ಕುಡಿಯುವ ನೀರು ಒದಗಿಸಲಾಯಿತು. ಉಳಿದ ಬಗ್ಗಡವು ಗೊಬ್ಬರವಾಗಿ ಸಗಣಿ ತಂದವರಿಗೇ ಮರಳುತ್ತಿತ್ತು.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಕೋಟ್ಯಂತರ ಬಡ ಮನೆಗಳಿಗೆ ಅಡುಗೆ ಅನಿಲ ತಲುಪಿದೆ. ಆದರೂ ಸಿಲಿಂಡರಿನ ಪಕ್ಕದಲ್ಲೇ ಸೌದೆ ಒಲೆ ಇನ್ನೂ ಅನೇಕ ಮನೆಗಳಲ್ಲಿ ಉರಿಯುತ್ತಿದೆ. ದೇಶವು ಬಳಸುವ ಈ ಅನಿಲದ ಅರ್ಧಕ್ಕಿಂತ ಹೆಚ್ಚಿನ ಪಾಲು ಆಮದಿನದು.

ಹೊರನಾಡಿನ ನಮ್ಮ ಮಕ್ಕಳು ಗುಂಡಿಯೊತ್ತಿ ಒಲೆ ಹಚ್ಚುತ್ತಾರೆ. ಅವರ ಅಜ್ಜಿ-ಮುತ್ತಜ್ಜಿಯರು ಊದುಕೊಳವೆ ಹಿಡಿದು, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಮನೆಯನ್ನಷ್ಟೇ ಅಲ್ಲ, ದೇಶದ ಶಕ್ತಿ ವ್ಯವಸ್ಥೆಯ ದೊಡ್ಡ ಪಾಲನ್ನೂ ನಡೆಸಿದರೆಂಬುದನ್ನು ನಾವು ಅವರಿಗೆ ತಿಳಿಸಿ ಹೇಳಬೇಕು.